ಬಾಗಿದ ಬೆನ್ನಿಗೆ ಎಂಟು ಚಲನೆಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ದುಡಿಮೆಗಳಲ್ಲಿ ಹೆಚ್ಚಿನವು ದೇಹವನ್ನು ಮುಂದಕ್ಕೆ ಬಾಗಿಸಿಯೇ ನಡೆಯುವಂಥವು. ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವವರು, ಮೆಟ್ಟುಗತ್ತಿಯ ಮುಂದೆ ಕುಳಿತು ಒಣಗಿದ ಅಡಿಕೆ ಸುಲಿಯುವವರು, ಕೆಸರುಗದ್ದೆಯಲ್ಲಿ ನೇಜಿ ನೆಡುವವರು, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಸ್ಸು, ಲಾರಿ ಓಡಿಸುವವರು, ಮೆಲ್ಕಾರ್, ಬಿ.ಸಿ.ರೋಡ್ ಪೇಟೆಗಳ ಅಂಗಡಿಗಳಲ್ಲಿ ಹೊಲಿಗೆ ಯಂತ್ರದ ಮೇಲೋ ಕಂಪ್ಯೂಟರಿನ ಮುಂದೋ ದಿನವಿಡೀ ಕೂರುವವರು, ಇವರೆಲ್ಲರ ಕಸುಬು ಬೇರೆ ಬೇರೆಯಾದರೂ ಸಂಜೆಯ ಹೊತ್ತಿಗೆ ಕುತ್ತಿಗೆ, ಹೆಗಲು, ಸೊಂಟಗಳು ಹೇಳುವ ದೂರು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ದುಡಿಯುವ ದೇಹಕ್ಕೆ ಮತ್ತೆ ವ್ಯಾಯಾಮ ಯಾಕೆ ಎಂಬ ಪ್ರಶ್ನೆ ಈ ಭಾಗದಲ್ಲಿ ಸಹಜವಾಗಿಯೇ ಕೇಳಿಬರುತ್ತದೆ. ಆದರೆ ದುಡಿಮೆ ದೇಹವನ್ನು ಒಂದೇ ದಿಕ್ಕಿಗೆ ಬಳಸುತ್ತದೆ, ಕೆಲವೇ ಸ್ನಾಯುಗಳನ್ನು ದಣಿಸಿ ಉಳಿದವುಗಳನ್ನು ಬಿಗಿಯಾಗಲು ಬಿಡುತ್ತದೆ. ಆ ದಿಕ್ಕಿಗೆ ಎದುರಾಗಿ ದೇಹವನ್ನು ನಿಧಾನವಾಗಿ ಹಿಗ್ಗಿಸುವ ಕ್ರಮವೊಂದು ಇದ್ದರೆ ಅದರ ಅಗತ್ಯ ಕುಳಿತು ಉಣ್ಣುವವರಿಗಿಂತ ದುಡಿದು ಉಣ್ಣುವವರಿಗೇ ಹೆಚ್ಚು.

ಅಂಥ ಕ್ರಮಗಳಲ್ಲಿ ಒಂದು ಚೀನಾದ ಬಾದ್ವಾನ್‌ಜಿನ್. ಎಂಟು ಚಲನೆಗಳ ಈ ಸರಣಿಯನ್ನು ನಿಂತಲ್ಲಿಯೇ, ಯಾವ ಸಲಕರಣೆಯೂ ಇಲ್ಲದೆ, ಹನ್ನೆರಡರಿಂದ ಹದಿನೈದು ನಿಮಿಷಗಳಲ್ಲಿ ಮುಗಿಸಬಹುದು. ಚಾಪೆ ಬೇಡ, ಉಡುಪು ಬದಲಿಸಬೇಕಾಗಿಲ್ಲ, ನೆಲದ ಮೇಲೆ ಕೂತೇಳುವ ಕಷ್ಟವೂ ಇಲ್ಲ. ಎರಡು ಕೈಗಳನ್ನು ಅಗಲಕ್ಕೆ ಚಾಚುವಷ್ಟು ಜಾಗವಿದ್ದರೆ ಮನೆಯ ಜಗಲಿಯೂ ಸಾಕು. ಚೀನಾದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ವೃದ್ಧರು ಗುಂಪಾಗಿ ನಿಂತು ಮಾಡುವ ವ್ಯಾಯಾಮಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ.

ಪರಂಪರೆಯ ಬೇರು

ಬಾದ್ವಾನ್‌ಜಿನ್ ಸೇರುವ ವ್ಯಾಯಾಮ ಕುಲಕ್ಕೆ ಇಂದು ಚೀಗಾಂಗ್ ಎಂಬ ಹೆಸರಿದೆ. ಚೀನಾದ ಹಳೆಯ ವೈದ್ಯವು ಪ್ರಾಣವಾಯುವಿಗೆ ಹತ್ತಿರವಾದ ‘ಚೀ’ ಎಂಬ ಶಕ್ತಿಯೊಂದು ದೇಹದ ನಾಳಗಳಲ್ಲಿ ಹರಿಯುತ್ತದೆಂದೂ, ಆ ಹರಿವಿಗೆ ತಡೆಯಾದಾಗ ರೋಗ ಹುಟ್ಟುತ್ತದೆಂದೂ ನಂಬಿತ್ತು. ಚಲನೆ, ಉಸಿರು, ಮನಸ್ಸಿನ ಗಮನ ಈ ಮೂರನ್ನೂ ಒಟ್ಟಿಗೆ ಪಳಗಿಸಿ ಆ ಹರಿವನ್ನು ಸರಿಪಡಿಸುವ ಸಾಧನೆಯೇ ಚೀಗಾಂಗ್. ಇಂಥ ವ್ಯಾಯಾಮಗಳಿಗೆ ಹಿಂದಿನ ಕಾಲದಲ್ಲಿ ದಾವೋಯಿನ್ ಎಂಬ ಹೆಸರಿತ್ತು. ಹುನಾನ್ ಪ್ರಾಂತ್ಯದ ಚಾಂಗ್ಷಾ ನಗರದ ಬಳಿಯ ಮಾವಾಂಗ್‌ದ್ವೇ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಲಾದ ಸಮಾಧಿಯೊಂದನ್ನು 1973-74ರಲ್ಲಿ ಅಗೆದಾಗ ದೊರೆತ ರೇಷ್ಮೆ ಬಟ್ಟೆಯ ಮೇಲೆ ಇಂಥ ವ್ಯಾಯಾಮಗಳನ್ನು ಮಾಡುತ್ತಿರುವ 44 ಮಂದಿಯ ಚಿತ್ರಗಳಿದ್ದವು. ಅವರಲ್ಲಿ ಗಂಡಸರೂ ಹೆಂಗಸರೂ ಇದ್ದಾರೆ, ಮುದುಕರೂ ಯುವಕರೂ ಇದ್ದಾರೆ. ಕೆಲವು ಚಿತ್ರಗಳ ಬದಿಯಲ್ಲಿ ಪ್ರಾಣಿಯ ಹೆಸರು, ಕೆಲವುಗಳ ಬದಿಯಲ್ಲಿ ರೋಗದ ಹೆಸರು ಬರೆದಿದೆ. ವ್ಯಾಯಾಮವನ್ನು ಔಷಧದಂತೆ ನಿರ್ದಿಷ್ಟ ಬೇನೆಗೆ ಸೂಚಿಸುವ ಪದ್ಧತಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅಲ್ಲಿ ನೆಲೆಗೊಂಡಿತ್ತು ಎಂಬುದಕ್ಕೆ ಈ ಪಟ ಸಾಕ್ಷಿಯಾಗಿದೆ. ಕ್ರಿ.ಶ. 208ರ ಸುಮಾರಿಗೆ ತೀರಿಕೊಂಡ ಹ್ವಾ ತ್ವೋ ಎಂಬ ವೈದ್ಯ ಹುಲಿ, ಜಿಂಕೆ, ಕರಡಿ, ಕೋತಿ ಮತ್ತು ಹಕ್ಕಿಯ ಚಲನೆಗಳನ್ನು ಅನುಸರಿಸುವ ‘ಪಂಚಪ್ರಾಣಿಗಳ ಆಟ’ವನ್ನು ತನ್ನ ಶಿಷ್ಯರಿಗೆ ಕಲಿಸಿದ್ದನೆಂದು ಚೀನಾದ ಇತಿಹಾಸ ಗ್ರಂಥಗಳು ಹೇಳುತ್ತವೆ.

ಬಾದ್ವಾನ್‌ಜಿನ್‌ನ ಉಲ್ಲೇಖ ಸಿಗುವುದು ಕ್ರಿ.ಶ. ಹನ್ನೆರಡನೆಯ ಶತಮಾನದ ಸಾಂಗ್ ಅರಸರ ಕಾಲದ ಬರಹಗಳಲ್ಲಿ. ಸೇನಾಪತಿ ಯ್ವೇ ಫೇ ತನ್ನ ಸೈನಿಕರಿಗಾಗಿ ಇದನ್ನು ರಚಿಸಿದನೆಂಬ ಕಥೆ ಜನಪ್ರಿಯವಾಗಿದ್ದರೂ ಅದಕ್ಕೆ ಆ ಕಾಲದ ಆಧಾರವಿಲ್ಲ. ಹೆಸರಿನಲ್ಲಿರುವ ‘ಜಿನ್’ ಎಂದರೆ ಜರತಾರಿ ರೇಷ್ಮೆ. ಎಂಟು ತುಂಡುಗಳನ್ನು ಸೇರಿಸಿದ ಬೆಲೆಬಾಳುವ ವಸ್ತ್ರದಂತೆ ಈ ಎಂಟು ಚಲನೆಗಳು ಒಂದರೊಳಗೊಂದು ಸೀಳಿಲ್ಲದೆ ಬೆರೆತಿರಬೇಕೆಂಬುದು ಆಶಯ.

ದಕ್ಷಿಣ ಭಾರತದವರ ಕುತೂಹಲ ಕೆರಳಿಸುವ ಇನ್ನೊಂದು ಕಥೆಯೂ ಇದೆ. ಕಾಂಚೀಪುರದ ರಾಜಪುತ್ರನೆಂದು ಹೇಳಲಾಗುವ ಬೋಧಿಧರ್ಮನು ಚೀನಾದ ಶಾವೋಲಿನ್ ವಿಹಾರಕ್ಕೆ ಹೋಗಿ, ಕುಳಿತು ಕುಳಿತು ಬಳಲಿದ ಭಿಕ್ಷುಗಳಿಗೆ ಸ್ನಾಯುಗಳನ್ನು ಹುರಿಗೊಳಿಸುವ ವ್ಯಾಯಾಮಗಳನ್ನು ಕಲಿಸಿದನೆಂದೂ, ಚೀಗಾಂಗ್‌ನ ಇನ್ನೊಂದು ಮುಖ್ಯ ಸರಣಿಯಾದ ಯೀಜಿನ್‌ಜಿಂಗ್ ಅವನದೇ ಕೊಡುಗೆಯೆಂದೂ ಹಲವರು ನಂಬುತ್ತಾರೆ. ಆದರೆ ಆ ಹೆಸರಿನ ಗ್ರಂಥ ಹುಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ, ಅಂದರೆ ಬೋಧಿಧರ್ಮನ ಕಾಲದ ಸಾವಿರ ವರ್ಷಗಳ ಮೇಲೆ, ಎಂಬುದು ಚೀನೀ ಸಮರಕಲೆಗಳ ಇತಿಹಾಸಕಾರರ ತೀರ್ಮಾನ. ಆದ್ದರಿಂದ ಚೀಗಾಂಗ್ ಭಾರತದ ಯೋಗದ್ದೇ ಕವಲು ಎಂದು ಹೆಮ್ಮೆಪಡಲು ಗಟ್ಟಿಯಾದ ಆಧಾರವಿಲ್ಲ.

ಹಳೆಯದರ ಹೊಸ ರೂಪ

ಚೀಗಾಂಗ್, ಯೋಗ ಎರಡೂ ಪರಂಪರೆಗಳು ನಿಜಕ್ಕೂ ಹೋಲುವುದು ಇಪ್ಪತ್ತನೆಯ ಶತಮಾನದಲ್ಲಿ ಅವು ಪಡೆದ ಮರುರೂಪದಲ್ಲಿ. ಹೆಬೈ ಪ್ರಾಂತ್ಯದ ಲ್ಯೂ ಗ್ವೇಜನ್ ಎಂಬ ಕಮ್ಯುನಿಸ್ಟ್ ಕಾರ್ಯಕರ್ತ 1940ರ ದಶಕದ ಕೊನೆಯಲ್ಲಿ ಹೊಟ್ಟೆಹುಣ್ಣಿನಿಂದ ನರಳಿ, ಊರಿನ ಗುರುವೊಬ್ಬರಿಂದ ಉಸಿರಾಟದ ಸಾಧನೆ ಕಲಿತು ಚೇತರಿಸಿಕೊಂಡ. ಅನಂತರ ಅದೇ ಸಾಧನೆಯನ್ನು ಧಾರ್ಮಿಕ ಹಿನ್ನೆಲೆಯಿಂದ ಬಿಡಿಸಿ ಆಸ್ಪತ್ರೆಯ ಚಿಕಿತ್ಸೆಯಾಗಿ ರೂಪಿಸಿದ. 1957ರಲ್ಲಿ ಪ್ರಕಟವಾದ ಆತನ ಪುಸ್ತಕದಿಂದ ಚೀಗಾಂಗ್ ಎಂಬ ಹೆಸರು ಚೀನಾದಾದ್ಯಂತ ಬಳಕೆಗೆ ಬಂತು. ಅದಕ್ಕೂ ಒಂದು ವರ್ಷ ಮೊದಲು, 1956ರಲ್ಲಿ, ಚೀನಾದ ಇನ್ನೊಂದು ನಿಧಾನಗತಿಯ ವ್ಯಾಯಾಮವಾದ ತಾಯ್‌ಚಿಯನ್ನು 24 ಚಲನೆಗಳ ಸರಳ ಸರಣಿಯಾಗಿ ಅಲ್ಲಿನ ಕ್ರೀಡಾ ಇಲಾಖೆ ಇಳಿಸಿತ್ತು. 1980ರ ದಶಕದಲ್ಲಿ ಚೀಗಾಂಗ್ ಭಾರಿ ಅಲೆಯಾಗಿ ಹರಡಿ, ಪವಾಡದ ಮಾತಾಡುವ ಗುರುಗಳೂ ದೊಡ್ಡ ಸಂಘಟನೆಗಳೂ ಹುಟ್ಟಿಕೊಂಡವು. 1999ರಲ್ಲಿ, ಅದೇ ಅಲೆಯಲ್ಲಿ ಮೂಡಿದ ಫಾಲುನ್ ಗಾಂಗ್ ಪಂಥವನ್ನು ನಿಷೇಧಿಸಿದ ಸರಕಾರ ಈ ಇಡೀ ಕ್ಷೇತ್ರವನ್ನು ತನ್ನ ಹಿಡಿತಕ್ಕೆ ತಂದುಕೊಂಡಿತು. ಬಾದ್ವಾನ್‌ಜಿನ್, ಯೀಜಿನ್‌ಜಿಂಗ್, ಪಂಚಪ್ರಾಣಿಗಳ ಆಟ ಮತ್ತು ಆರು ಸ್ವರಗಳ ಉಸಿರಾಟ ಎಂಬ ನಾಲ್ಕು ಸರಣಿಗಳನ್ನು ಪರಿಷ್ಕರಿಸಿ 2003ರ ಹೊತ್ತಿಗೆ ಪ್ರಕಟಿಸಲಾಯಿತು. ಇಂದು ಜಗತ್ತಿನ ಹೆಚ್ಚಿನ ಕಡೆ ಕಲಿಸುವ ಬಾದ್ವಾನ್‌ಜಿನ್ ಈ ಪರಿಷ್ಕೃತ ರೂಪವೇ ಆಗಿದೆ.

ಕರ್ನಾಟಕದಲ್ಲಿ ಯೋಗದ ಕಥೆಯೂ ಇದಕ್ಕೆ ತೀರ ದೂರವಾದದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದರು; ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸ್ ಆ ಕಲಿಕೆಯನ್ನು ಜಗತ್ತಿಗೆ ಒಯ್ದರು. ‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನು ದೇಹದಾರ್ಢ್ಯದ ತಾಲೀಮಿನೊಂದಿಗೆ ಬೆಸೆದಿದ್ದರು. ಅಲ್ಲಿಯೂ ಇಲ್ಲಿಯೂ ನಡೆದದ್ದು ಒಂದೇ: ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ದಾಟುತ್ತಿದ್ದ ಸಾಧನೆಯನ್ನು ಶಾಲೆಯ ಮಕ್ಕಳೂ ಕಚೇರಿಯ ನೌಕರರೂ ಮಾಡಬಹುದಾದ ಅಳತೆಗೆ ತಂದು, ಕ್ರಮ ನಿಗದಿಪಡಿಸಿ, ಪುಸ್ತಕ ಬರೆದು ಹಂಚುವುದು. ಆದ್ದರಿಂದ ಇವುಗಳನ್ನು ಅಳೆಯುವಾಗ ‘ಸಾವಿರಾರು ವರ್ಷಗಳದ್ದು’ ಎಂಬ ಮಾತಿಗೆ ಹೆಚ್ಚು ತೂಕ ಕೊಡದೆ, ದೇಹದ ಮೇಲೆ ಇವು ಮಾಡುವ ಕೆಲಸವನ್ನು ನೋಡುವುದೇ ಸರಿಯಾದ ದಾರಿ.

ನಿಲುವು

ಬಾದ್ವಾನ್‌ಜಿನ್ ಆರಂಭವಾಗುವುದೂ ಮುಗಿಯುವುದೂ ಅಲುಗಾಡದೆ ನಿಲ್ಲುವುದರಲ್ಲಿ. ಪಾದಗಳು ಹೆಗಲಿನಷ್ಟು ಅಗಲದಲ್ಲಿ ಸಮಾನಾಂತರವಾಗಿ ಊರಿರಬೇಕು, ಮಂಡಿಗಳು ಬಿಗಿಯದೆ ತುಸುವೇ ಮಡಿದಿರಬೇಕು, ನೆತ್ತಿ ಮೇಲಕ್ಕೆ ಎಳೆದಂತಿರಬೇಕು, ಗದ್ದ ಒಳಕ್ಕೆ ಸರಿದು ಹೆಗಲುಗಳು ಇಳಿದಿರಬೇಕು. ಈ ಸೀಮೆಯವರಿಗೆ ನಿಂತು ಸಾಧಿಸುವ ನಿಶ್ಚಲತೆ ಕಣ್ಣಿಗೆ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿಯೂ, ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯೂ, ಮೂಡುಬಿದಿರೆಯ ಬಸದಿಗಳಲ್ಲಿ ನಿಂತ ಭಂಗಿಯ ತೀರ್ಥಂಕರ ಬಿಂಬಗಳೂ ತೋರಿಸುವ ಕಾಯೋತ್ಸರ್ಗವೆಂಬ ನಿಲುವಿನಲ್ಲಿ ಕೈಗಳು ದೇಹಕ್ಕೆ ತಾಗದೆ ಇಳಿಬಿದ್ದು, ಎರಡು ಪಾದಗಳ ಮೇಲೂ ಭಾರ ಸಮನಾಗಿ ಹಂಚಿಕೊಂಡಿರುತ್ತದೆ. ಕಾಯೋತ್ಸರ್ಗದ ಗುರಿ ದೇಹದ ಮೇಲಿನ ಮಮತೆಯನ್ನು ಬಿಡುವುದು, ಚೀಗಾಂಗ್‌ನ ಗುರಿ ದೇಹವನ್ನು ಕಾಪಾಡುವುದು. ತತ್ತ್ವದಲ್ಲಿ ಇವೆರಡೂ ಎದುರುಬದುರಾಗಿದ್ದರೂ ಬೆನ್ನೆಲುಬು ಹೇಗೆ ನೆಟ್ಟಗಿರಬೇಕು ಎಂಬ ವಿಷಯದಲ್ಲಿ ಅವುಗಳ ನಡುವೆ ಅಷ್ಟೇನೂ ವ್ಯತ್ಯಾಸವಿಲ್ಲ.

ಎಂಟು ಚಲನೆಗಳು

ಮೊದಲನೆಯ ಚಲನೆಯ ಹೆಸರು ‘ಎರಡು ಕೈಗಳಿಂದ ಆಕಾಶವನ್ನು ಎತ್ತಿಹಿಡಿಯುವುದು’. ಹೊಟ್ಟೆಯ ಮುಂದೆ ಹೆಣೆದ ಬೆರಳುಗಳನ್ನು ಎದೆಯವರೆಗೆ ತಂದು, ಅಂಗೈಗಳನ್ನು ಹೊರಳಿಸಿ ನೆತ್ತಿಯ ಮೇಲಕ್ಕೆ ತಳ್ಳಲಾಗುತ್ತದೆ. ತುದಿಯಲ್ಲಿ ಎರಡು ಕ್ಷಣ ನಿಂತು, ಕೈಗಳನ್ನು ಬಿಡಿಸಿ ಎರಡು ಬದಿಯಿಂದ ಇಳಿಸಲಾಗುತ್ತದೆ. ಚೀನೀ ವೈದ್ಯದ ಪ್ರಕಾರ ಇದು ದೇಹದ ಮೇಲಿನ, ನಡುವಿನ ಮತ್ತು ಕೆಳಗಿನ ಮೂರು ಕೋಶಗಳ ವ್ಯವಹಾರವನ್ನು ಸರಿದೂಗಿಸುತ್ತದೆ. ಶರೀರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಮುಂದಕ್ಕೆ ಗೂನಿದ ಎದೆಯ ಬೆನ್ನೆಲುಬು ಹಿಂದಕ್ಕೆ ತೆರೆದುಕೊಳ್ಳುತ್ತದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಹಿಗ್ಗುತ್ತವೆ, ಹೆಗಲಿನ ಕೀಲು ತನ್ನ ಪೂರ್ಣ ವ್ಯಾಪ್ತಿಯಲ್ಲಿ ಚಲಿಸುತ್ತದೆ.

ಎರಡನೆಯದು ‘ಗಿಡುಗಕ್ಕೆ ಬಿಲ್ಲೆಳೆಯುವುದು’. ಕಾಲುಗಳನ್ನು ಅಗಲಿಸಿ, ಕುದುರೆಯ ಮೇಲೆ ಕುಳಿತಂತೆ ಮಂಡಿ ಮಡಿಸಿ, ಒಂದು ಕೈಯನ್ನು ಬದಿಗೆ ಚಾಚಿ ಇನ್ನೊಂದು ಕೈಯಿಂದ ಹೆದೆಯನ್ನು ಎದೆಯವರೆಗೆ ಎಳೆಯುವ ಅಭಿನಯ ಇದರಲ್ಲಿದೆ. ಬೀಡಿ ಕಟ್ಟುವವರ ಮಟ್ಟಿಗೆ ಇದು ಎಂಟರಲ್ಲಿ ಅತ್ಯಂತ ಉಪಯುಕ್ತವಾದದ್ದು ಎನ್ನಬಹುದು. ಅಳತೆಗೆ ಕತ್ತರಿಸಿದ ಎಲೆಯ ಮೇಲೆ ಹೊಗೆಸೊಪ್ಪಿನ ಪುಡಿ ಹರಡಿ, ಹೆಬ್ಬೆರಳು ಮತ್ತು ತೋರುಬೆರಳಿನ ಒತ್ತಿನಲ್ಲಿ ಸುರುಳಿ ಸುತ್ತಿ, ತುದಿಯನ್ನು ಮಡಚಿ ನೂಲು ಕಟ್ಟುವ ಕೆಲಸದಲ್ಲಿ ಕೈಬೆರಳುಗಳು ಗಂಟೆಗಟ್ಟಲೆ ಒಳಕ್ಕೇ ಮಡಚಿಕೊಂಡಿರುತ್ತವೆ, ಮೊಣಕೈಗಳು ಪಕ್ಕೆಗೆ ಅಂಟಿರುತ್ತವೆ, ಹೆಗಲುಗಳು ಮುಂದಕ್ಕೆ ಜಾರಿರುತ್ತವೆ. ಮಜೂರಿ ಸಾವಿರ ಬೀಡಿಗಿಷ್ಟು ಎಂದು ಎಣಿಕೆಯಾಗುವುದರಿಂದ ಕೈ ನಿಲ್ಲಿಸಿದ ಪ್ರತಿಯೊಂದು ನಿಮಿಷವೂ ಗಳಿಕೆಯಿಂದ ಕಳೆದುಹೋಗುತ್ತದೆ. ಬಿಲ್ಲೆಳೆಯುವ ಚಲನೆಯಲ್ಲಿ ಚಾಚಿದ ಕೈಯ ಹೆಬ್ಬೆರಳೂ ತೋರುಬೆರಳೂ ಬಿಡಿಸಿಕೊಂಡು ನೆಟ್ಟಗಾಗುತ್ತವೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಎದೆಯ ಸ್ನಾಯು ಅಗಲವಾಗಿ ಬೆನ್ನಿನ ಎರಡು ಹೆಗಲ ಹಲಗೆಗಳು ಒಂದರತ್ತ ಒಂದು ಸರಿಯುತ್ತವೆ. ದುಡಿಮೆ ಏನನ್ನು ಮಡಚಿಟ್ಟಿತ್ತೋ ಅದನ್ನೇ ಈ ಚಲನೆ ಬಿಡಿಸುತ್ತದೆ.

ಮೂರನೆಯದರಲ್ಲಿ ಒಂದು ಅಂಗೈ ಮೇಲಕ್ಕೂ ಇನ್ನೊಂದು ನೆಲದತ್ತಲೂ ಒತ್ತುತ್ತವೆ. ಇದು ಹೊಟ್ಟೆ ಮತ್ತು ಗುಲ್ಮಗಳನ್ನು ಪಳಗಿಸುತ್ತದೆಂದು ಹಳೆಯ ನಂಬಿಕೆ. ಕಣ್ಣಿಗೆ ಕಾಣುವ ಪರಿಣಾಮವೆಂದರೆ ದೇಹದ ಒಂದೊಂದೇ ಪಕ್ಕ ಸೊಂಟದಿಂದ ಕಂಕುಳಿನವರೆಗೆ ಉದ್ದವಾಗುವುದು. ನಾಲ್ಕನೆಯದು ‘ಹಿಂದಕ್ಕೆ ನೋಡುವುದು’. ಅಂಗೈಗಳನ್ನು ಹೊರಕ್ಕೆ ತಿರುಗಿಸುತ್ತ ಕುತ್ತಿಗೆಯನ್ನು ನಿಧಾನವಾಗಿ ಒಂದು ಬದಿಗೆ ಹೊರಳಿಸಿ, ಹೆಗಲಿನ ಮೇಲಿಂದ ಹಿಂದಕ್ಕೆ ದೃಷ್ಟಿ ಚೆಲ್ಲಿ ಮತ್ತೆ ನಡುವಿಗೆ ಮರಳಬೇಕು. ಸೊಂಟ ತಿರುಗಬಾರದು, ತಿರುಗುವುದು ಕುತ್ತಿಗೆ ಮಾತ್ರ. ಮೊಬೈಲಿನ ಪರದೆಯ ಮೇಲೆ ಬಗ್ಗಿದ ತಲೆಗಳಿಗೂ, ಮುಂದಿನ ರಸ್ತೆಯನ್ನೇ ದಿಟ್ಟಿಸುವ ಚಾಲಕರ ಕುತ್ತಿಗೆಗೂ ಇದು ನೇರವಾಗಿ ಒದಗುವ ವ್ಯಾಯಾಮ.

ಐದನೆಯದು ಎಂಟರಲ್ಲಿ ಹೆಚ್ಚು ಶ್ರಮದ್ದು. ಅಗಲ ಕಾಲಿನ ನಿಲುವಿನಲ್ಲಿ ಕೈಗಳನ್ನು ತೊಡೆಗಳ ಮೇಲಿಟ್ಟು, ದೇಹದ ಮೇಲ್ಭಾಗವನ್ನು ಒಂದು ಬದಿಗೆ ಬಾಗಿಸಿ, ಮುಂದಿನಿಂದ ಇನ್ನೊಂದು ಬದಿಗೆ ತೂಗಿ ಮತ್ತೆ ನೆಟ್ಟಗಾಗಬೇಕು. ಇದರ ಸಾಂಪ್ರದಾಯಿಕ ಉದ್ದೇಶ ‘ಹೃದಯದ ಬೆಂಕಿ’ಯನ್ನು, ಅಂದರೆ ಮನಸ್ಸಿನ ಉದ್ವೇಗವನ್ನು, ತಣಿಸುವುದು. ತೊಡೆಯ ಮುಂಭಾಗದ ಸ್ನಾಯುಗಳು ಇಲ್ಲಿ ಬಲಗೊಳ್ಳುತ್ತವೆ, ಮತ್ತು ಮಂಡಿನೋವಿಗೆ ಈ ಸ್ನಾಯುಗಳ ಬಲಹೀನತೆ ಕಾರಣಗಳಲ್ಲೊಂದು. ಆರನೆಯದರಲ್ಲಿ ಅಂಗೈಗಳು ಬೆನ್ನೆಲುಬಿನ ಇಬ್ಬದಿಯಿಂದ ಸೊಂಟ, ತೊಡೆಯ ಹಿಂಭಾಗ, ಮೀನಖಂಡಗಳನ್ನು ಸವರುತ್ತ ಪಾದದವರೆಗೆ ಇಳಿದು ಮತ್ತೆ ಮೇಲೇರುತ್ತವೆ. ಯೋಗದ ಪಾದಹಸ್ತಾಸನ ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಭಂಗಿಯಲ್ಲಿ ತಂಗುವುದಕ್ಕಿಂತ ಇಳಿದು ಏರುವ ಹರಿವಿಗೆ ಒತ್ತು. ಏಳನೆಯದು ಕಣ್ಣರಳಿಸಿ ಮುಷ್ಟಿ ಬಿಗಿದು ನಿಧಾನವಾಗಿ ಗುದ್ದುವುದು. ಇದರಲ್ಲಿ ಬಿಗಿಹಿಡಿತವೂ ಅದರ ಬೆನ್ನಿಗೇ ಬರುವ ಸಡಿಲಿಕೆಯೂ ಅಭ್ಯಾಸವಾಗುತ್ತವೆ.

ಎಂಟನೆಯದು ಹಿಮ್ಮಡಿಗಳನ್ನು ಎತ್ತಿ ಮೆಲ್ಲಗೆ ನೆಲಕ್ಕೆ ಬಿಡುವುದು, ಅದೂ ಏಳು ಸಲ. ನೋಡಲು ಮಕ್ಕಳಾಟದಂತಿದ್ದರೂ ಇದರ ಹಿಂದೆ ಗಟ್ಟಿಯಾದ ಕಾರಣಗಳಿವೆ. ಕಾಲಿನ ರಕ್ತ ಗುರುತ್ವಕ್ಕೆ ಎದುರಾಗಿ ಹೃದಯಕ್ಕೆ ಮರಳುವುದು ಬಹುಪಾಲು ಮೀನಖಂಡದ ಸ್ನಾಯುಗಳ ಒತ್ತಡದಿಂದ. ದಿನವಿಡೀ ಕುಳಿತವರ, ಅಂಗಡಿಯಲ್ಲಿ ನಿಂತವರ ಕಾಲು ಊದಿಕೊಳ್ಳುವುದು ಈ ಒತ್ತಡ ನಿಂತುಹೋಗುವುದರಿಂದ. ಹಿಮ್ಮಡಿ ಎತ್ತಿದಾಗ ಆಧಾರದ ನೆಲ ಕಿರಿದಾಗುವುದರಿಂದ ಸಮತೋಲನವನ್ನು ಕಾಯುವ ಸ್ನಾಯುಗಳೂ ನರಗಳೂ ಎಚ್ಚರಗೊಳ್ಳುತ್ತವೆ. ವಯಸ್ಸಾದವರು ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವ ಅಪಾಯದ ಎದುರು ಈ ಎಚ್ಚರವೇ ಮೊದಲ ರಕ್ಷಣೆ. 65 ವರ್ಷ ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಉಸಿರಿನ ಪಾಲು

ಚಲನೆಗಳನ್ನು ಸಾಮಾನ್ಯ ಕವಾಯತಿನಿಂದ ಬೇರ್ಪಡಿಸುವುದು ಉಸಿರು. ಕೈ ಏರುವಾಗ ಅಥವಾ ಎದೆ ತೆರೆಯುವಾಗ ಉಸಿರು ಒಳಕ್ಕೆ, ಇಳಿಯುವಾಗ ಹೊರಕ್ಕೆ ಎಂಬುದು ಸಾಮಾನ್ಯ ನಿಯಮ. ಉಸಿರು ಚಲನೆಯಷ್ಟೇ ಉದ್ದವಾಗಿರಬೇಕು, ಮೂಗಿನಿಂದ ಆಗಬೇಕು, ಹೊಟ್ಟೆಯವರೆಗೆ ಇಳಿಯಬೇಕು. ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುವಿನ ಪರದೆ ಆಳವಾಗಿ ಇಳಿದಾಗ ಪುಪ್ಪುಸದ ಕೆಳಭಾಗಕ್ಕೂ ಗಾಳಿ ತಲುಪುತ್ತದೆ. ನಿಮಿಷಕ್ಕೆ ಹದಿನಾರು, ಹದಿನೆಂಟು ಇರುವ ಉಸಿರಾಟ ಆರರ ಹತ್ತಿರಕ್ಕೆ ಇಳಿದರೆ ಹೃದಯದ ಬಡಿತ ಮತ್ತು ರಕ್ತದೊತ್ತಡಗಳ ಸಹಜ ಏರಿಳಿತಗಳು ಒಂದೇ ಲಯಕ್ಕೆ ಬರುತ್ತವೆ, ಒತ್ತಡವನ್ನು ತಿದ್ದುವ ದೇಹದ ಸ್ವಯಂಚಾಲಿತ ವ್ಯವಸ್ಥೆ ಚುರುಕಾಗುತ್ತದೆ.

ಈ ಲಯವನ್ನು ಮನುಷ್ಯರು ಚೀಗಾಂಗ್ ಇಲ್ಲದೆಯೂ ಕಂಡುಕೊಂಡಿದ್ದರು. ಇಟಲಿಯ ಸಂಶೋಧಕರು 23 ಮಂದಿ ಆರೋಗ್ಯವಂತರ ಮೇಲೆ ನಡೆಸಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳಿದಾಗಲೂ ಬೌದ್ಧ ಮಂತ್ರವನ್ನು ಜಪಿಸಿದಾಗಲೂ ಉಸಿರಾಟ ತಾನಾಗಿಯೇ ನಿಮಿಷಕ್ಕೆ ಆರರ ಸುಮಾರಿಗೆ ಇಳಿಯುವುದು ಕಂಡುಬಂತು. ಬಸದಿ, ದೇವಸ್ಥಾನ, ಇಗರ್ಜಿ, ಮಸೀದಿಗಳು ಅಕ್ಕಪಕ್ಕದಲ್ಲಿರುವ ಬಂಟ್ವಾಳ, ಮೂಡುಬಿದಿರೆಗಳಂಥ ಊರುಗಳಿಗೆ ಈ ಸಂಗತಿಯಲ್ಲಿ ಉಪಯುಕ್ತವಾದ ಸೂಚನೆಯೊಂದಿದೆ: ನಿಧಾನವಾದ ಉಸಿರಿನ ಲಾಭ ಯಾವುದೇ ಮತಕ್ಕೆ ಸೇರಿದ್ದಲ್ಲದ್ದರಿಂದ, ಬಾದ್ವಾನ್‌ಜಿನ್‌ನಂಥ ವ್ಯಾಯಾಮವನ್ನು ಚೀ ಎಂಬ ತತ್ತ್ವವನ್ನು ಒಪ್ಪಿಯೂ ಮಾಡಬಹುದು, ಒಪ್ಪದೆಯೂ ಮಾಡಬಹುದು.

ಪುರಾವೆ ಎಷ್ಟು, ಭರವಸೆ ಎಷ್ಟು

ಚೀಗಾಂಗ್ ಕುರಿತು ಪ್ರಕಟವಾಗುವ ಸಂಶೋಧನೆಗಳ ಸಂಖ್ಯೆ ದೊಡ್ಡದು, ಆದರೆ ಗುಣಮಟ್ಟ ಏಕರೂಪವಾಗಿಲ್ಲ. ರಕ್ತದೊತ್ತಡ, ಮಂಡಿಯ ಸವೆತ, ನಿದ್ರೆ, ವೃದ್ಧರ ಸಮತೋಲನ ಈ ವಿಷಯಗಳಲ್ಲಿ ಬಾದ್ವಾನ್‌ಜಿನ್‌ನಿಂದ ಸಾಧಾರಣ ಪ್ರಮಾಣದ ಲಾಭವಿದೆಯೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಹೇಳುತ್ತವೆ. ಅವೇ ವಿಮರ್ಶೆಗಳು, ಆಯಾ ಅಧ್ಯಯನಗಳಿಗೆ ಒಳಪಟ್ಟವರ ಸಂಖ್ಯೆ ಕಡಿಮೆಯೆಂದೂ, ಯಾರು ಯಾವ ಗುಂಪಿನಲ್ಲಿದ್ದಾರೆಂದು ಭಾಗವಹಿಸಿದವರಿಗೆ ಮೊದಲೇ ಗೊತ್ತಿರುವುದರಿಂದ ಫಲಿತಾಂಶ ಒಂದೆಡೆಗೆ ವಾಲುವ ಸಂಭವವಿದೆಯೆಂದೂ ಎಚ್ಚರಿಸುತ್ತವೆ. ಹತ್ತಿರದ ಬಂಧುವಾದ ತಾಯ್‌ಚಿಗೆ ಇನ್ನೂ ಗಟ್ಟಿಯಾದ ಆಧಾರವಿದೆ. ರಕ್ತದೊತ್ತಡ ಏರುವ ಹಂತದಲ್ಲಿದ್ದ 342 ಮಂದಿಯನ್ನು ಎರಡು ಗುಂಪು ಮಾಡಿ ಬೀಜಿಂಗ್‌ನಲ್ಲಿ ಒಂದು ವರ್ಷ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯ್‌ಚಿ ಮಾಡಿದವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 7 ಅಂಶಗಳಷ್ಟೂ, ಬಿರುಸಾದ ನಡಿಗೆ, ಸೈಕಲ್ ತುಳಿತದಂಥ ವ್ಯಾಯಾಮ ಮಾಡಿದವರದು ಸುಮಾರು 4.6 ಅಂಶಗಳಷ್ಟೂ ಇಳಿದಿತ್ತು. ಆದರೆ ಅವರು ಅಭ್ಯಾಸ ಮಾಡಿದ್ದು ವಾರಕ್ಕೆ ನಾಲ್ಕು ಬಾರಿ, ಪ್ರತಿ ಸಲ ಒಂದು ಗಂಟೆ ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ ಹದಿನೈದು ನಿಮಿಷಗಳ ಎಂಟು ಚಲನೆಗಳಿಂದ ಮಧುಮೇಹ ಮಾಯವಾಗುತ್ತದೆ, ಮಾತ್ರೆ ಬಿಡಬಹುದು ಎಂಬ ಮಾತುಗಳು ಯಾರಿಂದ ಬಂದರೂ ನಂಬತಕ್ಕವಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯನ್ನು ಬಾದ್ವಾನ್‌ಜಿನ್ ಒಂದೇ ತುಂಬಲಾರದು. ನಡಿಗೆ ಅಥವಾ ತೋಟದ ಕೆಲಸ ಅದರ ಜೊತೆಗಿರಲೇಬೇಕು. ಅದು ಖಚಿತವಾಗಿ ಕೊಡಬಲ್ಲದ್ದು ಬಿಗಿದ ಕೀಲುಗಳ ಸಡಿಲಿಕೆ, ನಿಲುವಿನ ತಿದ್ದುಪಡಿ, ಕಾಲಿನ ಬಲ ಮತ್ತು ಉಸಿರಿನ ಮೇಲೆ ಹಿಡಿತ. ಕರಾವಳಿಗೆ ಸಲ್ಲುವ ಇನ್ನೊಂದು ಅನುಕೂಲವೂ ಇದಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಡೆಬಿಡದೆ ಸುರಿಯುವ ಈ ಸೀಮೆಯಲ್ಲಿ ಬೆಳಗಿನ ನಡಿಗೆಯ ರೂಢಿ ಆಟಿ ತಿಂಗಳು ಬರುವಷ್ಟರಲ್ಲಿ ಮುರಿದುಬೀಳುತ್ತದೆ. ಮಾಡಿನಡಿಯಲ್ಲಿ ನಿಂತು ಮಾಡುವ ವ್ಯಾಯಾಮಕ್ಕೆ ಆ ತೊಡಕಿಲ್ಲ.

ಎಚ್ಚರಿಕೆಗಳು

ಮೃದುವಾದ ವ್ಯಾಯಾಮವೆಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲ ಚಲನೆಗಳೂ ಒಗ್ಗುವುದಿಲ್ಲ. ಬೆನ್ನಿನ ತಟ್ಟೆ ಜಾರಿದವರು, ಮೂಳೆ ಟೊಳ್ಳಾದವರು, ಕಣ್ಣಿನ ಒತ್ತಡದ ಗ್ಲಾಕೋಮ ಇರುವವರು ಆರನೆಯ ಚಲನೆಯಲ್ಲಿ ಪಾದದವರೆಗೆ ಬಗ್ಗದೆ ಮಂಡಿಯ ಮಟ್ಟದಲ್ಲಿಯೇ ನಿಲ್ಲಬೇಕು ಅಥವಾ ವೈದ್ಯರನ್ನು ಕೇಳಿ ಅದನ್ನು ಕೈಬಿಡಬೇಕು. ತಲೆಸುತ್ತು ಇರುವವರು ನಾಲ್ಕನೆಯ ಮತ್ತು ಐದನೆಯ ಚಲನೆಗಳನ್ನು ಕುರ್ಚಿಯಲ್ಲಿ ಕುಳಿತು ಮಾಡುವುದು ಕ್ಷೇಮ. ರಕ್ತದೊತ್ತಡ ಹೆಚ್ಚಿರುವವರು ಏಳನೆಯದರಲ್ಲಿ ಮುಷ್ಟಿ ಬಿಗಿಯುವಾಗ ಉಸಿರು ಕಟ್ಟಿಕೊಳ್ಳಬಾರದು. ದೀರ್ಘಕಾಲದ ಮಧುಮೇಹದಿಂದ ಪಾದಗಳ ಸ್ಪರ್ಶ ಮಂದವಾಗಿರುವವರು ಹಿಮ್ಮಡಿ ಎತ್ತುವಾಗ ಗೋಡೆಯನ್ನೋ ಕಿಟಕಿಯ ಸರಳನ್ನೋ ಹಿಡಿದಿರಬೇಕು. ಮಂಡಿ ಸವೆದವರಿಗೆ ಕುದುರೆ ಸವಾರನ ನಿಲುವು ಆಳವಾಗಿರಬೇಕಾಗಿಲ್ಲ, ಕಾಲು ಅಗಲಿಸಿ ನಿಂತರೂ ಸಾಕು. ಹಿಗ್ಗುವಿಕೆ ನೋವಿನ ಗಡಿಗೆ ಮುಂಚೆಯೇ ನಿಲ್ಲಬೇಕೆಂಬುದು ಎಲ್ಲರಿಗೂ ಸಲ್ಲುವ ನಿಯಮ. ಊಟವಾದ ಕೂಡಲೇ ಮಾಡಬಾರದೆಂಬುದು ಇನ್ನೊಂದು.

ಇದಕ್ಕಿಂತ ದೊಡ್ಡ ಎಚ್ಚರಿಕೆಯೂ ಒಂದಿದೆ. ದುಡಿಮೆಯಿಂದ ಬರುವ ಬೇನೆಗೆ ವ್ಯಾಯಾಮವನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಬೀಡಿ ಕಾರ್ಮಿಕರ ಕೆಲಸದ ಸ್ಥಿತಿಗತಿಗಳಿಗಾಗಿಯೇ 1966ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ಕಾಯ್ದೆ ತಂದಿದ್ದರೂ, ಮನೆಯೊಳಗೆ ನಡೆಯುವ ದುಡಿಮೆಗೆ ಕೆಲಸದ ಗಂಟೆಯ ಮಿತಿಯಾಗಲಿ ಬಿಡುವಾಗಲಿ ಯಾರೂ ಗೊತ್ತುಮಾಡಿಕೊಡುವುದಿಲ್ಲ. ಹೊಗೆಸೊಪ್ಪಿನ ಧೂಳು ಉಸಿರಿನೊಂದಿಗೆ ಒಳಹೋಗುವುದನ್ನು ಯಾವ ಚೀಗಾಂಗ್ ಸಾಧನೆಯೂ ತಡೆಯಲಾರದು. ಗಾಳಿಯಾಡುವ ಜಾಗದಲ್ಲಿ ಕೂರುವುದು, ಮೂಗಿಗೆ ಬಟ್ಟೆ ಕಟ್ಟುವುದು, ಆಗಾಗ ಎದ್ದು ಓಡಾಡುವುದು, ಅದಕ್ಕೆ ಎಡೆಗೊಡುವಷ್ಟು ಮಜೂರಿ ಸಿಗುವುದು ಇವೆಲ್ಲ ಮೊದಲು ಆಗಬೇಕಾದ ಮಾತುಗಳು. ಈ ನೆಲೆಯಲ್ಲಿ ಬಾದ್ವಾನ್‌ಜಿನ್‌ಗೆ ಒಂದು ಸಣ್ಣ ಅನುಕೂಲವಿದೆ. ಎಂಟೂ ಚಲನೆಗಳನ್ನು ಒಟ್ಟಿಗೇ ಮಾಡಬೇಕೆಂಬ ಕಟ್ಟುಪಾಡು ಇಲ್ಲ. ಒಂದು ಕಟ್ಟು ಮುಗಿದು ಇನ್ನೊಂದು ತೊಡಗುವ ನಡುವೆ ಎದ್ದು ನಿಂತು ಮೊದಲನೆಯದನ್ನೂ ಎರಡನೆಯದನ್ನೂ ಮೂರು ಮೂರು ಸಲ ಮಾಡಲು ಎರಡು ನಿಮಿಷ ಸಾಕು.

ನೆರೆಯಲ್ಲೇ ಇರುವ ನೆರವು

ಚೀನೀ ವೈದ್ಯಕ್ಕೂ ಈ ಸೀಮೆಗೂ ಈಗಾಗಲೇ ಒಂದು ನಂಟು ಬೆಳೆದಿದೆ. ಜಪಾನಿನ ಆಕ್ರಮಣಕ್ಕೆ ಸಿಲುಕಿದ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿದ್ದ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲಿಯೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಬಿಜಯ ಕುಮಾರ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು, ಅಂದರೆ ಅಕ್ಯುಪಂಕ್ಚರನ್ನು, ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಇಂದು ಭಾರತದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಒಂದು ಭಾಗವಾಗಿದೆ. ಆ ಪದವಿಯನ್ನು ಕಲಿಸುವ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಿಂದ ನಡೆಯುತ್ತಿದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ಸಂಸ್ಥೆಯ ಪ್ರಕೃತಿ ಚಿಕಿತ್ಸಾ ಕಾಲೇಜಿದೆ. ಧರ್ಮಸ್ಥಳದ ಬಳಿ ಶಾಂತಿವನದ ಆಸ್ಪತ್ರೆ ಇದೆ. ಸೂಜಿಗೆ ಸಿಕ್ಕಿದ ಮನ್ನಣೆ ಅದೇ ವೈದ್ಯದ ವ್ಯಾಯಾಮಕ್ಕೂ ಸಿಗಬಾರದೆಂಬುದಕ್ಕೆ ಕಾರಣವಿಲ್ಲ. ಸೂಜಿಗೆ ನುರಿತ ಕೈ ಬೇಕು, ವ್ಯಾಯಾಮವನ್ನು ಕಲಿತ ಮೇಲೆ ಜನರೇ ಮನೆಯಲ್ಲಿ ಮಾಡಿಕೊಳ್ಳುತ್ತಾರೆ.

ಯೋಗ ಕಲಿತವರು ಇದನ್ನು ಪ್ರತಿಸ್ಪರ್ಧಿಯೆಂದು ನೋಡಬೇಕಾಗಿಲ್ಲ. ನೆಲದ ಮೇಲೆ ಕುಳಿತೋ ಮಲಗಿಯೋ ಮಾಡುವ ಆಸನಗಳು ಒಗ್ಗದ ಹಿರಿಯರಿಗೆ, ಮಂಡಿನೋವಿನವರಿಗೆ, ಸೀರೆಯುಟ್ಟೇ ಮನೆಗೆಲಸದ ನಡುವೆ ಹತ್ತು ನಿಮಿಷ ಕದಿಯಬೇಕಾದ ಹೆಂಗಸರಿಗೆ ನಿಂತು ಮಾಡುವ ಸರಣಿಯೊಂದು ಪೂರಕವಾಗಿ ಒದಗುತ್ತದೆ. ತಾಡಾಸನ, ಅರ್ಧಚಕ್ರಾಸನ, ಪಾದಹಸ್ತಾಸನಗಳನ್ನು ಬಲ್ಲ ಯೋಗಶಿಕ್ಷಕರಿಗೆ ಬಾದ್ವಾನ್‌ಜಿನ್ ಕಲಿಯಲು ಹೆಚ್ಚು ಕಾಲವೂ ಬೇಕಾಗುವುದಿಲ್ಲ.

ಈ ವ್ಯಾಯಾಮದ ಬಗೆಗಿನ ಅಧ್ಯಯನಗಳಲ್ಲಿ ಹೆಚ್ಚಿನವು ಚೀನಾದ ನಗರವಾಸಿಗಳ ಮೇಲೆ ನಡೆದವು. ನೆಲದಲ್ಲಿ ಕುಳಿತು ಬೀಡಿ ಕಟ್ಟುವ, ಅಡಿಕೆ ಸುಲಿಯುವ ದೇಹಗಳ ಲೆಕ್ಕ ಅವುಗಳಲ್ಲಿ ಇಲ್ಲ. ಆ ಲೆಕ್ಕವನ್ನು ಹಿಡಿಯಬಲ್ಲ ಕಾಲೇಜುಗಳು ಉಜಿರೆಯಲ್ಲಿವೆ, ಮೂಡುಬಿದಿರೆಯಲ್ಲಿವೆ. ದುಡಿಯುವ ಹೆಂಗಸರು ಮೆಲ್ಕಾರ್, ಪಾಣೆಮಂಗಳೂರು, ಬಂಟ್ವಾಳದ ಮನೆಮನೆಗಳಲ್ಲಿದ್ದಾರೆ. ಅವರು ವಾರ ವಾರ ಒಟ್ಟುಸೇರುವ ಸ್ವಸಹಾಯ ಗುಂಪುಗಳು ಊರೂರಿನಲ್ಲಿವೆ. ಆ ಗುಂಪುಗಳ ಸಭೆಯಲ್ಲಿ ಹದಿನೈದು ನಿಮಿಷ ಈ ಎಂಟು ಚಲನೆಗಳನ್ನು ಕಲಿಸಿ, ಆರು ತಿಂಗಳ ಮೇಲೆ ಅದೇ ಹೆಂಗಸರ ಕುತ್ತಿಗೆ, ಹೆಗಲು, ಸೊಂಟಗಳ ನೋವನ್ನೂ ಬೆರಳುಗಳ ಹಿಡಿತವನ್ನೂ ಅಳೆದು, ಕಲಿಯದ ಗುಂಪಿನೊಂದಿಗೆ ಹೋಲಿಸಿ ನೋಡಿದರೆ, ಬಾದ್ವಾನ್‌ಜಿನ್ ಇಲ್ಲಿನವರಿಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆಂಬ ಪ್ರಶ್ನೆಗೆ ಇಲ್ಲಿನ ದೇಹಗಳೇ ಉತ್ತರ ಕೊಡುತ್ತವೆ.